ಸ್ಟಾರ್ಟರ್ ಡಬ್ಬದ ಸಿಮ್ಮಿಗೆ ವರ್ಷಕ್ಕೆ ಹದಿಮೂರು ತಿಂಗಳು

ತೆಂಗಿನ ಕಪ್ಪುತಲೆ ಹುಳದ ಬಗ್ಗೆ ಬರೀತೀನಿ ಅಂತ ಹೋದ ಸಲ ಹೇಳಿದ್ದೆ. ಅದು ಮುಂದಿನ ವಾರಕ್ಕಿರಲಿ. ಈ ಸಲ ನಮ್ಮ ಸೌತೆ ಬಳ್ಳಿ ಬಾಡಿದ ಕಥೆ, ಅದರ ಹಿಂದಿರೋ ಫೋನ್ ಕಂಪನಿಗಳ ಕಥೆ.

ನಮ್ಮ ಬೋರಿಗೆ ಮೊಬೈಲ್ ಸ್ಟಾರ್ಟರ್ ಹಾಕಿಸಿ ಐದಾರು ವರ್ಷ ಆಯ್ತು. ರಾತ್ರಿ ಒಂದು ಗಂಟೆಗೋ ಎರಡು ಗಂಟೆಗೋ ತ್ರೀ ಫೇಸ್ ಬಂದ್ರೆ ಆ ಡಬ್ಬ ನನಗೆ ಫೋನ್ ಮಾಡುತ್ತೆ. ನಾನು ಎದ್ದು ಹೋಗಿ ಗೇಟ್‌ವಾಲ್ ತಿರುಗಿಸಿ ಮೋಟರ್ ಆನ್ ಮಾಡ್ತೀನಿ. ಆಟೋಗೆ ಹಾಕಲ್ಲ, ಯಾಕಂದ್ರೆ ಇರೋ ಒಂದೂವರೆ ಇಂಚು ನೀರನ್ನ ತೆಂಗಿಗೊಂದು ದಿನ, ತರಕಾರಿಗೊಂದು ದಿನ ಅಂತ ಹಂಚಬೇಕು. ಈ ಬೇಸಿಗೆಯಲ್ಲಿ ಮೂರು ರಾತ್ರಿ ಡಬ್ಬ ಫೋನ್ ಮಾಡಲಿಲ್ಲ. ಕರೆಂಟೇ ಬಂದಿಲ್ಲ ಅಂದ್ಕೊಂಡು ನಾನೂ ಮಲಗಿಬಿಟ್ಟೆ. ನಾಲ್ಕನೇ ದಿನ ಬೆಳಿಗ್ಗೆ ಲೈನ್‌ಮನ್ ಸಿಕ್ಕಾಗ ಸುಮ್ಮನೆ ಬೈದೆ. ಅವನು, "ಯಜಮಾನ್ರೇ, ದಿನಾ ಕೊಟ್ಟಿದೀವಿ, ಪಕ್ಕದ ತೋಟದಲ್ಲಿ ನೀರು ಬಿದ್ದಿದೆ ನೋಡಿ" ಅಂದ. ಹೋಗಿ ನೋಡಿದ್ರೆ ಡಬ್ಬದ ಸಿಮ್ಮಿನ ವ್ಯಾಲಿಡಿಟಿ ಮುಗಿದಿದೆ. ಸೌತೆ ಹೂ ಬಿಡೋ ಹೊತ್ತು, ಅರ್ಧ ಹೂ ಉದುರಿ ಬಿದ್ದಿತ್ತು. ರೀಚಾರ್ಜ್ ಮರೆತಿದ್ದು ನಾನೇ, ತಪ್ಪು ನನ್ನದೇ. ಆದ್ರೆ ಇಷ್ಟು ಸಲ ನೆನಪಿಡಬೇಕು ಅಂತ ಮಾಡಿದವರು ಯಾರು ಅಂತ ಅವತ್ತಿಂದ ತಲೆ ಕೆಡಿಸ್ಕೊಂಡಿದೀನಿ.

ಪ್ಯಾಕಿನ ತಿಂಗಳು ಅಂದ್ರೆ 28 ದಿನ. ಹಾಗಾಗಿ ವರ್ಷಕ್ಕೆ 13 ಸಲ. 199 ರೂಪಾಯಿ ಪ್ಯಾಕಾದ್ರೆ ವರ್ಷಕ್ಕೆ 2,587 ರೂಪಾಯಿ. ಅದರಲ್ಲಿ ಪ್ರತಿ ಸಲ 2 ಜಿಬಿ ಡೇಟಾ ಬೇರೆ ಕೊಡ್ತಾರೆ. ಸ್ಟಾರ್ಟರ್ ಡಬ್ಬ ಏನು ಯೂಟ್ಯೂಬ್ ನೋಡುತ್ತಾ? ನಮ್ಮವ್ವನ ಕೀಪ್ಯಾಡ್ ಫೋನಿಗೂ ಇದೇ ಕಥೆ. ಆಯಮ್ಮ ವಾರಕ್ಕೆರಡು ಸಲ ಮಗಳ ಮನೆಗೆ ಮಾತಾಡಿದ್ರೆ ಹೆಚ್ಚು.

ಈಗ ಇನ್ನೊಂದು ಲೆಕ್ಕ. 2009ರಲ್ಲಿ ಟಾಟಾ ಡೊಕೊಮೊ ಬಂದಾಗ ಸೆಕೆಂಡಿಗೆ ಒಂದು ಪೈಸೆ ಅಂತ ತಂದರು, ನೆನಪಿದೆಯಾ? ಕೆಲವೇ ತಿಂಗಳಲ್ಲಿ ಮಿಕ್ಕವರೂ ಅದೇ ದಾರಿ ಹಿಡಿದರು. ನನ್ನ ಸ್ಟಾರ್ಟರ್ ದಿನಕ್ಕೆ ನಾಲ್ಕು ಕಾಲು, ಒಂದೊಂದಕ್ಕೆ 20 ಸೆಕೆಂಡು ಅಂತ ಇಟ್ಕೊಳ್ಳಿ. 80 ಪೈಸೆ ಆಯ್ತು. ವರ್ಷಕ್ಕೆ 292 ರೂಪಾಯಿ. ಆ ಕಾಲದ ರೇಟು ಇವತ್ತೂ ಹಾಗೇ ಇರಬೇಕು ಅಂತ ನಾನು ಹೇಳ್ತಿಲ್ಲ, ಡೀಸೆಲ್ಲೂ ಆ ರೇಟಿಗಿಲ್ಲ, ಕೂಲಿಯೂ ಇಲ್ಲ. ನಾನು ಕೇಳೋದು, ಆಡಿದಷ್ಟಕ್ಕೆ ದುಡ್ಡು ಕೊಡೋ ಪದ್ಧತಿ ಎಲ್ಲಿಗೆ ಹೋಯ್ತು ಅಂತ.

ನಮ್ಮ ವಯಸ್ಸಿನವರಿಗೆ ಹಳೇದೆಲ್ಲ ಗೊತ್ತು. ದೂರವಾಣಿ ಇಲಾಖೆ ಒಂದೇ ಇದ್ದಾಗ ಮನೆಗೆ ಫೋನ್ ಬೇಕು ಅಂದ್ರೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯಬೇಕಿತ್ತು. ಎಸ್‌ಟಿಡಿ ಬೂತಿನಲ್ಲಿ ಮೀಟರ್ ನೋಡ್ತಾ ಮಾತಾಡ್ತಿದ್ವಿ. 1994ರ ನೀತಿಯಿಂದ ಖಾಸಗಿಯವರಿಗೆ ಬಾಗಿಲು ತೆಗೀತು, 1997ರಲ್ಲಿ ಟ್ರಾಯ್ ಬಂತು, 2000ದಲ್ಲಿ ಇಲಾಖೆ ಹೋಗಿ ಬಿಎಸ್‌ಎನ್‌ಎಲ್ ಆಯ್ತು. ಶುರುವಿನಲ್ಲಿ ಮೊಬೈಲಿಗೆ ಬರೋ ಕರೆಗೂ ದುಡ್ಡು ಕೊಡಬೇಕಿತ್ತು. 2003ರ ಮೇ ತಿಂಗಳಲ್ಲಿ ಇನ್‌ಕಮಿಂಗ್ ಫ್ರೀ ಆಯ್ತು. ಅದೇ ಹೊತ್ತಿನ ಆಸುಪಾಸಿನಲ್ಲಿ ಟ್ರಾಯ್ ಮೊಬೈಲ್ ದರವನ್ನ ಕಂಪನಿಗಳ ಕೈಗೇ ಬಿಡ್ತು. ಫೋರ್‌ಬೇರೆನ್ಸ್ ಅಂತಾರೆ ಅದಕ್ಕೆ. ರೇಟು ನೀವೇ ಇಟ್ಕೊಳ್ಳಿ, ನಾವು ಕೈ ಹಾಕಲ್ಲ ಅನ್ನೋದು. ಹಳ್ಳಿಯ ಲ್ಯಾಂಡ್‌ಲೈನು, ರೋಮಿಂಗು ಇಂಥ ಒಂದೆರಡನ್ನ ಮಾತ್ರ ತನ್ನ ಕೈಲಿ ಇಟ್ಕೊಂಡಿತು.

ಅದರಿಂದ ಕೆಟ್ಟದೇನೂ ಆಗಲಿಲ್ಲ ಆಗ. ನಿಜ ಹೇಳಬೇಕು ಅಂದ್ರೆ ಒಳ್ಳೇದೇ ಆಯ್ತು. ಪೇಟೆಯ ಅಂಗಡಿಗಳ ಮುಂದೆ ಬೋರ್ಡುಗಳ ಸಾಲು: ಸ್ಪೈಸ್, ಹಚ್, ಏರ್‌ಟೆಲ್, ರಿಲಯನ್ಸ್, ಟಾಟಾ ಇಂಡಿಕಾಂ, ಐಡಿಯಾ, ಏರ್‌ಸೆಲ್, ಯೂನಿನಾರ್. ಒಬ್ಬ ಇಳಿಸಿದ್ರೆ ಇನ್ನೊಬ್ಬನೂ ಇಳಿಸಲೇಬೇಕು. 2011ರ ಜನವರಿಯಿಂದ ನಂಬರ್ ಅದೇ ಇಟ್ಕೊಂಡು ಕಂಪನಿ ಬದಲಿಸೋ ಪೋರ್ಟಿಂಗೂ ದೇಶಕ್ಕೆಲ್ಲಾ ಬಂತು.

ಇದು ನಮಗೆ ಅರ್ಥ ಆಗದ ವಿಷಯ ಅಲ್ಲ. ತಿಪಟೂರು ಮಾರುಕಟ್ಟೆಗೆ ಕೊಬ್ಬರಿ ಹಾಕ್ತೀವಲ್ಲ, ಹತ್ತು ಜನ ವರ್ತಕರು ಟೆಂಡರ್ ಬರೆದ ದಿನಕ್ಕೂ ಮೂರೇ ಜನ ಬರೆದ ದಿನಕ್ಕೂ ಕ್ವಿಂಟಾಲಿಗೆ ಎಷ್ಟು ವ್ಯತ್ಯಾಸ ಆಗುತ್ತೆ ಅಂತ ಯಾರಿಗೆ ಗೊತ್ತಿಲ್ಲ? ಕೊಬ್ಬರಿ ಅದೇ, ಚೀಲ ಅದೇ. ಅಲ್ಲಿ ನಾವು ಮಾರೋರು, ಫೋನ್ ವಿಷಯದಲ್ಲಿ ಕೊಳ್ಳೋರು, ಅಷ್ಟೇ ವ್ಯತ್ಯಾಸ. ದರ ಇಳಿದಿದ್ದಕ್ಕೆ ಕಾರಣ ಸರ್ಕಾರ ಸುಮ್ಮನಿದ್ದದ್ದು ಅಂತ ಪೇಪರಿನಲ್ಲಿ ಬರೀತಾರೆ. ನನ್ನ ಕೇಳಿದ್ರೆ ಆ ಹತ್ತು ಬೋರ್ಡು ಕಾರಣ.

ಆ ಬೋರ್ಡುಗಳೆಲ್ಲ ಎಲ್ಲಿ ಹೋದವು? 2012ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು 2ಜಿ ಹಗರಣದ 122 ಲೈಸೆನ್ಸ್ ರದ್ದು ಮಾಡ್ತು, ಒಂದಷ್ಟು ಕಂಪನಿ ಆವಾಗಲೇ ಗಂಟು ಕಟ್ಟಿದವು. ದೊಡ್ಡ ಏಟು ಆಮೇಲಿನದು. 2016ರ ಸೆಪ್ಟೆಂಬರ್ 5ಕ್ಕೆ ಜಿಯೋ ಬಂತು. ಮಾತೂ ಫ್ರೀ, ಡೇಟಾನೂ ಫ್ರೀ, ಮೊದಲು ಡಿಸೆಂಬರ್‌ವರೆಗೆ, ಆಮೇಲೆ 2017ರ ಮಾರ್ಚ್‌ವರೆಗೆ. ಪೇಟೆಯಲ್ಲಿ ಆಧಾರ್ ಕಾರ್ಡ್ ಹಿಡ್ಕೊಂಡು ಕ್ಯೂ ನಿಂತಿದ್ದು ನೆನಪಿದೆ. ಸುಳ್ಳು ಯಾಕೆ ಹೇಳಲಿ, ನಾನೂ ನಿಂತಿದ್ದೆ. ಅದಕ್ಕೆ ಮುಂಚೆ ಒಂದು ಜಿಬಿಗೆ 250 ರೂಪಾಯಿ ಹತ್ತಿರ ಕೊಡ್ತಿದ್ವಿ. ಇವತ್ತು ನಾನು ಇಷ್ಟುದ್ದ ಬರೆಯೋದು, ನೀವು ತೋಟದಲ್ಲಿ ಕೂತು ಓದೋದು, ಕೊರೋನಾ ಕಾಲದಲ್ಲಿ ಮಕ್ಕಳು ಪಾಠ ಕೇಳಿದ್ದು, ಇದೆಲ್ಲ ಆ ಅಗ್ಗದ ಡೇಟಾದಿಂದಲೇ. ಅದನ್ನ ಮರೆತು ಮಾತಾಡಿದ್ರೆ ನಾಲಿಗೆಗೆ ಹುಳ ಬೀಳುತ್ತೆ.

ಆದ್ರೆ ಫ್ರೀ ಕೊಡೋನ ಎದುರು ಸಾಲದಲ್ಲಿದ್ದವರು ನಿಲ್ಲಲಿಲ್ಲ. ರಿಲಯನ್ಸ್ ಕಮ್ಯುನಿಕೇಶನ್ಸ್ 2017ರ ಕೊನೆಗೆ ಮೊಬೈಲ್ ಸೇವೆ ಮುಚ್ಚಿತು. ಏರ್‌ಸೆಲ್ 2018ರಲ್ಲಿ ದಿವಾಳಿ. ಯೂನಿನಾರ್ ಆಗಿದ್ದ ಟೆಲಿನಾರ್ ಏರ್‌ಟೆಲ್‌ಗೆ ಸೇರ್ತು, ಟಾಟಾದವರದ್ದೂ ಅಲ್ಲಿಗೇ. ವೊಡಾಫೋನ್, ಐಡಿಯಾ 2018ರ ಆಗಸ್ಟಿನಲ್ಲಿ ಒಂದಾದವು. ಫ್ರೀ ಕೊಟ್ಟು ಬೇರೆಯವರನ್ನ ಮುಗಿಸ್ತಿದಾರೆ ಅಂತ ಏರ್‌ಟೆಲ್‌ನವರು ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟಿದ್ರು. ಹೊಸದಾಗಿ ಬಂದೋನು ಮಾರುಕಟ್ಟೆಯಲ್ಲಿ ಬಲಾಢ್ಯ ಅಲ್ಲ ಅಂತ 2017ರಲ್ಲಿ ಆಯೋಗ ಅದನ್ನ ತಳ್ಳಿಹಾಕ್ತು. ಕಾನೂನು ಪ್ರಕಾರ ಸರಿ ಇರಬಹುದು. ಆದ್ರೆ ಹೊಲಕ್ಕೆ ಬಂದ ಹೊಸ ಗೂಳಿ ಇನ್ನೂ ಬೇರೂರಿಲ್ಲ ಅಂತ ಬೇಲಿ ತೆಗೆದಿಟ್ಟ ಹಾಗಾಯ್ತು.

ಈಗ ಉಳಿದವರು ಇಬ್ಬರು ಗಟ್ಟಿಗರು, ಒಬ್ಬ ಉಸಿರು ಬಿಗಿಹಿಡಿದೋನು, ಜೊತೆಗೆ ಬಿಎಸ್‌ಎನ್‌ಎಲ್. ಡಿಸೆಂಬರ್ 2019, ನವೆಂಬರ್ 2021, ಜುಲೈ 2024, ಮೂರು ಸಲವೂ ಖಾಸಗಿಯವರು ಹೆಚ್ಚೂಕಮ್ಮಿ ಒಂದೇ ವಾರದಲ್ಲಿ ದರ ಏರಿಸಿದ್ರು. 2024ರಲ್ಲಂತೂ ಇಬ್ಬರದು ಜುಲೈ 3ಕ್ಕೆ, ಮೂರನೆಯವರದು 4ಕ್ಕೆ. ಕೂತು ಮಾತಾಡ್ಕೊಂಡರು ಅಂತ ನಾನು ಹೇಳಲ್ಲ, ನನ್ನ ಹತ್ರ ಆಧಾರ ಇಲ್ಲ. ಮೂರೇ ಜನ ಇರೋ ಕಡೆ ಮಾತಾಡ್ಕೊಳ್ಳೋ ಅಗತ್ಯವೂ ಇರಲ್ಲ, ಒಬ್ಬನ ಮುಖ ಒಬ್ಬ ನೋಡಿದ್ರೆ ಸಾಕು. ಜನ ಗಲಾಟೆ ಮಾಡಿದಾಗ ಕೇಂದ್ರದ ಟೆಲಿಕಾಂ ಇಲಾಖೆ, ದರ ತೀರ್ಮಾನ ಮಾಡೋದು ಮಾರುಕಟ್ಟೆ, ನಾವು ಮಧ್ಯೆ ಬರಲ್ಲ ಅಂತ ಹೇಳಿ ಕೈ ತೊಳ್ಕೊಂಡಿತು. ಆ ಮಾರುಕಟ್ಟೆಯಲ್ಲಿ ಇಲಾಖೆಯೂ ಪಾಲುದಾರ ಅಲ್ವಾ? ಕಂಪನಿಗಳ ಆದಾಯದಲ್ಲಿ ಲೈಸೆನ್ಸ್ ಫೀ ಬರೋದು ಅದಕ್ಕೇ. ವೊಡಾಫೋನ್ ಐಡಿಯಾ ಬಾಕಿಗೆ ಬದಲು ಷೇರು ಕೊಟ್ಟಿದ್ದರಿಂದ 2025ರಲ್ಲಿ ಅದರ ಶೇ 49ರಷ್ಟು ಪಾಲು ಸರ್ಕಾರದ್ದೇ ಆಗಿದೆ. ರೇಟು ಏರಿದ್ರೆ ಅವರಿಗೇನು ನಷ್ಟ?

ನಮ್ಮ ಸ್ಟಾರ್ಟರಿನ ವಿಷಯ ಇನ್ನೂ ಬಿಗಿ. ಹಳೇ ಡಬ್ಬಗಳು ಬಹಳಷ್ಟು 2ಜಿಯಲ್ಲಿ ಓಡೋವು. ಜಿಯೋಗೆ 2ಜಿಯೇ ಇಲ್ಲ. ಅಲ್ಲಿಗೆ ಇನ್ನೊಬ್ಬ ಕಮ್ಮಿ. ನಿಮ್ಮ ತೋಟದಲ್ಲಿ ಉಳಿದವರಲ್ಲಿ ಒಬ್ಬರ ಸಿಗ್ನಲ್ ಮಾತ್ರ ಸಿಕ್ಕಿದ್ರೆ ಮುಗೀತು, ಪೋರ್ಟಿಂಗ್ ಅನ್ನೋದು ಕಾಗದದ ಮೇಲಿನ ಹಕ್ಕು.

ಹಾಗಂತ ಹಳೇ ಇಲಾಖೆ ಕಾಲಕ್ಕೆ ಹೋಗೋಣ ಅಂತ ಅಲ್ಲ. ಎಲ್ಲ ಪ್ಯಾಕಿಗೂ ಸರ್ಕಾರ ರೇಟು ಕಟ್ಟಲಿ ಅಂತಲೂ ಅಲ್ಲ. ಆಟ ಆಡೋರು ಹತ್ತು ಜನ ಇದ್ದಾಗ ಮಾಡಿದ ನಿಯಮವನ್ನ ಮೂರು ಜನ ಉಳಿದ ಮೇಲೂ ಹಾಗೇ ಇಟ್ಕೊಂಡಿದ್ದು ತಪ್ಪು ಅಂತ ನನ್ನ ವಾದ. ಕನಿಷ್ಠ ಒಂದು ಬಡವರ ಪ್ಯಾಕಿಗೆ, ಮಾತು ಮತ್ತು ಎಸ್ಸೆಮ್ಮೆಸ್ ಮಾತ್ರ ಇರೋದಕ್ಕೆ, ಇಂತಿಷ್ಟಕ್ಕಿಂತ ಮೇಲೆ ಹೋಗಬಾರದು ಅಂತ ಟ್ರಾಯ್ ಮಿತಿ ಹಾಕಬೇಕು.

ಟ್ರಾಯ್ ಅರ್ಧ ದಾರಿ ಬಂದಿದೆ. 28 ದಿನದ ಜೊತೆಗೆ 30 ದಿನದ ಪ್ಯಾಕೂ ಒಂದು ಇರಲೇಬೇಕು ಅಂತ 2022ರಲ್ಲಿ ಹೇಳ್ತು. ಬರೀ ಮಾತು, ಎಸ್ಸೆಮ್ಮೆಸ್ಸಿನ ಪ್ಯಾಕ್ ಇಡಬೇಕು, ಅವಧಿ 365 ದಿನದವರೆಗೂ ಕೊಡಬಹುದು ಅಂತ 2024ರ ಡಿಸೆಂಬರಿನಲ್ಲಿ ನಿಯಮ ತಂತು. ಅದು ಬಂದಿದ್ದು ಜನರ ಅಭಿಪ್ರಾಯ ಕೇಳಿದ ಮೇಲೆ, ಯಾರು ಬೇಕಾದ್ರೂ ಬರೆದು ಕಳಿಸಬಹುದು. ಆದ್ರೆ ಬೆಲೆಗೆ ಮಿತಿ ಹಾಕಲಿಲ್ಲ. ಕಂಪನಿಗಳು ತಂದಿದ್ದು 84 ದಿನಕ್ಕೆ 450 ರೂಪಾಯಿ ಆಸುಪಾಸು, ವರ್ಷದ್ದು 1,800 ಆಸುಪಾಸು. ನನ್ನ ಡಬ್ಬದ 292 ರೂಪಾಯಿ ಮಾತಿಗೆ! ನಾನು ರೀಚಾರ್ಜ್ ಅಂಗಡಿಯಲ್ಲಿ ಕೇಳಿದ್ರೆ ಆ ಹುಡುಗ, "ಅಂಥದ್ದು ಇಲ್ಲ ಅಣ್ಣ, 199 ಹಾಕ್ಲಾ?" ಅಂದ. ಅವನ ಫೋನಿನಲ್ಲೇ ಹುಡುಕಿಸಿದೆ. ಕೆಳಗೆ, ತೀರಾ ಕೆಳಗೆ ಇತ್ತು.

ಬಿಎಸ್‌ಎನ್‌ಎಲ್ 2024ರಲ್ಲಿ ಖಾಸಗಿಯವರ ಜೊತೆ ರೇಟು ಏರಿಸಲಿಲ್ಲ, ಎರಡೇ ತಿಂಗಳಲ್ಲಿ ಲಕ್ಷಾಂತರ ಜನ ಅಲ್ಲಿಗೆ ಹೋದರು. ಅದಕ್ಕೆ 4ಜಿ ಕೊಡೋಕೆ ದೇಶ 2025ರ ಸೆಪ್ಟೆಂಬರ್‌ವರೆಗೆ ತಗೊಂಡಿತು, ಖಾಸಗಿಯವರು ಆಗಲೇ 5ಜಿ ಮಾರ್ತಿದ್ದರು. ಅದೊಂದು ಟೆಂಡರ್ ಬರೆಯೋ ಕೈ ಗಟ್ಟಿಯಾಗಿ ಉಳಿದ್ರೆ ಮಿಕ್ಕವರು ಸ್ವಲ್ಪ ಹೆದರ್ತಾರೆ. ಹಾಗಾಗಿ ಸಿಗ್ನಲ್ ಸಿಗೋರು ಮನೆಯ ನಾಲ್ಕು ಸಿಮ್ಮಿನಲ್ಲಿ ಒಂದನ್ನಾದ್ರೂ ಅಲ್ಲಿಡಿ ಅಂತ ನನ್ನ ಸಲಹೆ.

ಒಂದು ಕೆಲಸ ಮಾಡೋಣ. ನಿಮ್ಮ ಊರು, ತೋಟದಲ್ಲಿ ಯಾವ ಕಂಪನಿ ಸಿಗ್ನಲ್ ಹಿಡಿಯುತ್ತೆ, ಸ್ಟಾರ್ಟರ್ 2ಜಿನಾ 4ಜಿನಾ, ವರ್ಷಕ್ಕೆ ಎಷ್ಟು ಹಾಕ್ತೀರಿ, ಇಷ್ಟನ್ನ ಕೆಳಗೆ ಬರೀರಿ. ಐವತ್ತು ಜನರದ್ದು ಸೇರಿದ್ರೆ ಮಗಳ ಕೈಲಿ ಇಂಗ್ಲಿಷ್ ಮಾಡಿಸಿ ಟ್ರಾಯ್‌ಗೆ ಕಳಿಸ್ತೀನಿ. ಅಲ್ಲಿವರೆಗೆ, ರೀಚಾರ್ಜ್ ಮುಗಿಯೋ ತಾರೀಕನ್ನ ಸ್ಟಾರ್ಟರ್ ಡಬ್ಬದ ಮುಚ್ಚಳದ ಒಳಗೆ ಸುಣ್ಣದ ಕಡ್ಡಿಯಲ್ಲಿ ಬರೆದಿಡಿ. ನಾನು ಬರೆದಿದೀನಿ. ಸೌತೆ ಬಳ್ಳಿ ಎರಡನೇ ಸಲ ಹೂ ಕಟ್ಟಿದೆ.