ಸಿಟ್ಟಿನ ಲೆಕ್ಕ ಯಾರ ಹೆಸರಿಗೆ?

ಮೊಮ್ಮಕ್ಕಳಿಗೆ ಕಥೆ ಹೇಳುವ ಅಜ್ಜ ಅಜ್ಜಿಯರಿಗೆ ತಪ್ಪದೆ ಎದುರಾಗುವ ಪ್ರಶ್ನೆ ಒಂದಿದೆ. ಕಥೆಯೊಳಗೆ ಹೊಸಬನೊಬ್ಬ ಕಾಲಿಟ್ಟ ಕೂಡಲೇ ಕೇಳುತ್ತಾರೆ: “ಅಜ್ಜಾ, ಇವನು ಒಳ್ಳೆಯವನಾ, ಕೆಟ್ಟವನಾ?” ರಾಮ ಒಳ್ಳೆಯವನು, ರಾವಣ ಕೆಟ್ಟವನು ಎಂದು ಹೇಳಿಬಿಡುವುದು ಸುಲಭ. ಆದರೆ ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡವನು ಬಂದಾಗ ನಾವೂ ತಡವರಿಸುತ್ತೇವೆ. ಅವನು ಕೂಗಾಡುತ್ತಾನೆ, ಕೈ ಮಾಡುತ್ತಾನೆ. ಆದರೂ ಅವನನ್ನು ಕಂಡರೆ ನಮಗೆ ಕನಿಕರ. ಏಕೆ?

ಈ ವಾರ ಅಂಥ ನಾಲ್ವರು ಸಿಟ್ಟಿನವರ ವಿಷಯ ಮಾತಾಡೋಣ. ಒಬ್ಬ ಮಹಾಭಾರತದವನು. ಉಳಿದ ಮೂವರು ನಮ್ಮ ಕನ್ನಡದ ಕಥೆ, ಕಾದಂಬರಿಗಳಲ್ಲಿ ಹುಟ್ಟಿ ಸಿನಿಮಾಕ್ಕೂ ಬಂದವರು.

ಅದಕ್ಕೆ ಮೊದಲು ನನ್ನ ಕಸುಬಿನ ಒಂದು ಮಾತು. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ ಲೆಡ್ಜರುಗಳನ್ನು ಕೈಯಲ್ಲೇ ಬರೆಯುತ್ತಿದ್ದೆವು. ಸಂಜೆ ಜಮಾ ಖರ್ಚು ತಾಳೆ ನೋಡಬೇಕು. ನೂರು ಬರೆಯುವ ಕಡೆ ಸಾವಿರ ಬರೆದರೆ ಅಂದೇ ಸಿಕ್ಕಿಬೀಳುತ್ತಿತ್ತು. ಆದರೆ ರಂಗಪ್ಪನ ಖಾತೆಗೆ ಬರೆಯಬೇಕಾದ ಖರ್ಚನ್ನು ರಾಮಪ್ಪನ ಖಾತೆಗೆ ಬರೆದರೆ? ಮೊತ್ತವೇನೋ ಸರಿಯಾಗಿ ತಾಳೆಯಾಗುತ್ತದೆ, ಎಲ್ಲರೂ ನೆಮ್ಮದಿಯಾಗಿ ಮನೆಗೆ ಹೋಗುತ್ತಾರೆ. ಏನೂ ಮಾಡದ ರಾಮಪ್ಪನ ದುಡ್ಡು ಮಾತ್ರ ಕರಗಿರುತ್ತದೆ. ಸಿಟ್ಟಿನ ಕಥೆಗಳನ್ನು ಓದುವಾಗಲೆಲ್ಲ ನನಗೆ ಈ ತಪ್ಪು ಖಾತೆಯ ನೆನಪಾಗುತ್ತದೆ. ಅನ್ಯಾಯ ಮಾಡಿದವರು ಒಬ್ಬರು, ಸಿಟ್ಟು ಹೋಗಿ ಬೀಳುವುದು ಇನ್ನೊಬ್ಬರ ಮೇಲೆ.

ಮೊದಲು ಕರ್ಣನನ್ನೇ ನೋಡಿ. ದ್ರೋಣರ ಶಿಷ್ಯರು ಹಸ್ತಿನಾವತಿಯಲ್ಲಿ ತಮ್ಮ ವಿದ್ಯೆ ತೋರಿಸುತ್ತಿದ್ದಾರೆ. ಅರ್ಜುನ ಮಾಡಿದ್ದನ್ನೆಲ್ಲ ನಾನೂ ಮಾಡುತ್ತೇನೆಂದು ಕರ್ಣ ಕಣಕ್ಕೆ ಇಳಿಯುತ್ತಾನೆ, ಮಾಡಿಯೂ ತೋರಿಸುತ್ತಾನೆ. ಅರ್ಜುನನೊಡನೆ ಸೆಣಸಲು ಮುಂದಾದಾಗ ಕೃಪಾಚಾರ್ಯರು ಕೇಳುತ್ತಾರೆ, ನಿನ್ನ ಕುಲ ಯಾವುದು, ತಂದೆ ತಾಯಿ ಯಾರು ಎಂದು. ಕರ್ಣ ತಲೆ ತಗ್ಗಿಸುತ್ತಾನೆ. ಸಾಕು ತಂದೆ ಅಧಿರಥ ಬಂದಾಗ ಅವನ ಕಾಲಿಗೆರಗುತ್ತಾನೆ. ಅದನ್ನು ಕಂಡು ಭೀಮ ಹಂಗಿಸುತ್ತಾನೆ, ನಿನಗೆ ಬಿಲ್ಲಲ್ಲ, ಕುದುರೆಗೆ ಹೊಡೆಯುವ ಬಾರುಕೋಲು ಸರಿ ಎಂದು.

ಈಗ ಲೆಕ್ಕ ಹಾಕಿ ಮಕ್ಕಳೇ. ಕುಲ ಕೇಳಿದವರು ಕೃಪಾಚಾರ್ಯರು. ಹಂಗಿಸಿದವನು ಭೀಮ. ಅಲ್ಲೇ ಕುಳಿತು, ಇವನು ನನ್ನ ಮಗ ಎಂದು ಹೇಳದೆ ಹೋದವಳು ಕುಂತಿ. ಆದರೆ ಕರ್ಣ ಬದುಕಿನುದ್ದಕ್ಕೂ ಸಿಟ್ಟು ಇಟ್ಟುಕೊಂಡದ್ದು ಯಾರ ಮೇಲೆ? ಅರ್ಜುನನ ಮೇಲೆ! ಇನ್ನೊಂದನ್ನೂ ಗಮನಿಸಿ. ಆ ಗಳಿಗೆಯಲ್ಲಿ ದುರ್ಯೋಧನ ಓಡಿಬಂದು ಅವನನ್ನು ಅಂಗದೇಶದ ರಾಜನನ್ನಾಗಿ ಮಾಡುತ್ತಾನೆ. ಅವಮಾನವಾದ ಹೊತ್ತಿನಲ್ಲಿ ಕೈಹಿಡಿದವನನ್ನು ಬಿಡುವುದು ಕಷ್ಟ. ಹಾಗೆ ಕೈಹಿಡಿದವರಲ್ಲಿ ಕೆಲವರಿಗೆ ನಮಗಿಂತ ನಮ್ಮ ಸಿಟ್ಟೇ ಬೇಕಾಗಿರುತ್ತದೆ. ದೊಡ್ಡವರಾದ ಮೇಲೆ ಇದು ನಿಮಗೆ ಉಪಯೋಗಕ್ಕೆ ಬರುವ ಮಾತು, ನೆನಪಿಡಿ.

ಎರಡನೆಯವನು ಚೋಮ. ಶಿವರಾಮ ಕಾರಂತರ ‘ಚೋಮನ ದುಡಿ’ ಕಾದಂಬರಿ ಬಂದದ್ದು 1933ರಲ್ಲಿ. 1975ರಲ್ಲಿ ಬಿ.ವಿ. ಕಾರಂತರು ಅದನ್ನು ಸಿನಿಮಾ ಮಾಡಿದರು. ಮಕ್ಕಳೇ, ಇವರು ಇಬ್ಬರು ಬೇರೆ ಬೇರೆ ಕಾರಂತರು, ಪರೀಕ್ಷೆಯಲ್ಲಿ ಒಬ್ಬರನ್ನೇ ಮಾಡಿಬಿಡಬೇಡಿ. ಆ ವರ್ಷದ ದೇಶದ ಅತ್ಯುತ್ತಮ ಚಿತ್ರಕ್ಕೆ ಕೊಡುವ ಸ್ವರ್ಣಕಮಲ ಅದಕ್ಕೆ ಬಂತು. ಚೋಮನಾಗಿ ನಟಿಸಿದ ಎಂ.ವಿ. ವಾಸುದೇವರಾಯರಿಗೆ ಅತ್ಯುತ್ತಮ ನಟ ಪ್ರಶಸ್ತಿಯೂ ಬಂತು.

ಚೋಮ ಕರಾವಳಿಯ ಕಡೆಯ ಒಬ್ಬ ಜೀತದಾಳು. ಮುಟ್ಟಬಾರದು ಎಂದು ಊರು ದೂರವಿಟ್ಟ ಜಾತಿಯಲ್ಲಿ ಹುಟ್ಟಿದವನು. ಅವನಿಗೆ ಇದ್ದ ಆಸೆ ಒಂದೇ, ತಾನೂ ಒಂದು ತುಂಡು ಗದ್ದೆ ಉಳಬೇಕು, ಬೇಸಾಯಗಾರ ಎನಿಸಿಕೊಳ್ಳಬೇಕು. ಕಾಡಿನಲ್ಲಿ ಸಿಕ್ಕಿದ ಎರಡು ಕರುಗಳನ್ನು ಸಾಕಿ ಎತ್ತು ಮಾಡಿದ್ದಾನೆ. ಎತ್ತು ಇವೆ, ತೋಳಿನಲ್ಲಿ ಬಲ ಇದೆ, ಕೆಲಸ ಗೊತ್ತಿದೆ. ಆದರೆ ಅವನ ಜಾತಿಯವರು ಬೇಸಾಯ ಮಾಡಕೂಡದು ಎಂಬುದು ಊರಿನ ಕಟ್ಟಳೆ. ಎತ್ತುಗಳನ್ನು ಮಾರಲು ಮನಸ್ಸಿಲ್ಲ, ಹೂಡಲು ನೆಲವಿಲ್ಲ. ಧಣಿಯ ಎದುರು ನಿಂತು ಇದು ಅನ್ಯಾಯ ಎಂದು ಕೇಳಲು ಬಾಯಿ ಬರುವುದಿಲ್ಲ. ಮನೆಗೆ ಬಂದು ದುಡಿ ಬಾರಿಸುತ್ತಾನೆ. ದುಡಿ ಎಂದರೆ ಒಂದು ಸಣ್ಣ ಚರ್ಮವಾದ್ಯ. ಬಾಯಿ ಆಡಲಾರದ ಮಾತನ್ನೆಲ್ಲ ಆ ದುಡಿ ಆಡುತ್ತದೆ. ಸಿನಿಮಾ ನೋಡುವಾಗ ಮಾತು ನಿಂತು ದುಡಿ ಕೇಳಿಸಿದರೆ, ಚೋಮನ ಹೊಟ್ಟೆಯೊಳಗೆ ಏನಾಗುತ್ತಿದೆ ಎಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಸಾಲ ತೀರಿಸಲೆಂದು ಮಕ್ಕಳು ಘಟ್ಟದ ಕಾಫಿ ತೋಟಕ್ಕೆ ಹೋಗುತ್ತಾರೆ. ಒಬ್ಬ ಮಗ ರೋಗದಿಂದ ಸಾಯುತ್ತಾನೆ. ಇನ್ನೊಬ್ಬ ಬೇರೆ ಮತದ ಹುಡುಗಿಯನ್ನು ಮದುವೆಯಾಗಿ ದೂರವಾಗುತ್ತಾನೆ. ಕೊನೆಗೆ ಮಗಳು ಬೆಳ್ಳಿ ತೋಟಕ್ಕೆ ಹೋಗಿ, ಸಾಲ ತೀರಿತು ಎಂಬ ಸುದ್ದಿ ತರುತ್ತಾಳೆ. ಆ ಸಾಲ ತೀರಲು ಅವಳು ಎಂಥ ಅನ್ಯಾಯ ಸಹಿಸಿದ್ದಳು ಎಂಬುದು ಅಪ್ಪನಿಗೆ ಗೊತ್ತಿಲ್ಲ. ಅದು ಗೊತ್ತಿಲ್ಲದೆ, ಒಂದು ದಿನ ಅವಳ ಮೇಲೆಯೇ ಉರಿದುಬಿದ್ದು, ಹೊಡೆದು ಮನೆಯಿಂದ ಹೊರಗೆ ಹಾಕುತ್ತಾನೆ. ಆಮೇಲೆ ಅದೇ ಆವೇಶದಲ್ಲಿ ಎತ್ತು ಹೂಡಿ ನೆಲ ಉಳುತ್ತಾನೆ, ಎತ್ತುಗಳನ್ನು ಕಾಡಿಗೆ ಅಟ್ಟುತ್ತಾನೆ, ಬಾಗಿಲು ಹಾಕಿಕೊಂಡು ಪ್ರಾಣ ಹೋಗುವವರೆಗೆ ದುಡಿ ಬಾರಿಸುತ್ತಾನೆ.

ನನ್ನ ಮೊಮ್ಮಗಳು ಏಳನೆಯ ತರಗತಿ. ಈ ಕಥೆ ಕೇಳಿ ಅವಳಿಗೆ ಚೋಮನ ಮೇಲೆಯೇ ಸಿಟ್ಟು ಬಂತು. “ಪಾಪದ ಬೆಳ್ಳಿಗೆ ಯಾಕೆ ಹೊಡೆದ? ಧಣಿಗೆ ಕೇಳಬೇಕಿತ್ತು” ಎಂದಳು. ಅವಳು ಹೇಳಿದ್ದು ನೂರಕ್ಕೆ ನೂರು ಸರಿ. ಚೋಮನಿಗೆ ಆದದ್ದು ಅನ್ಯಾಯ. ಚೋಮ ಬೆಳ್ಳಿಗೆ ಮಾಡಿದ್ದೂ ಅನ್ಯಾಯ. ಒಂದು ನಿಜವಾದ ಮಾತ್ರಕ್ಕೆ ಇನ್ನೊಂದು ಸುಳ್ಳಾಗುವುದಿಲ್ಲ. ಮೇಲಿನವರ ಎದುರು ಬಾಯಿ ಕಟ್ಟಿದವನ ಸಿಟ್ಟು ತನಗಿಂತ ದುರ್ಬಲರನ್ನು ಹುಡುಕಿಕೊಂಡು ಹೋಗುತ್ತದೆ. ಶಿವರಾಮ ಕಾರಂತರು ಚೋಮನನ್ನು ದೇವರಂತೆ ತೋರಿಸಲಿಲ್ಲ, ಮನುಷ್ಯನಂತೆ ತೋರಿಸಿದರು. ಅದಕ್ಕೇ ಅವನು ಇನ್ನೂ ನಮ್ಮ ನೆನಪಿನಲ್ಲಿದ್ದಾನೆ.

ಮೂರನೆಯವನ ಹೆಸರು ಹೇಳಿದರೆ ಅಜ್ಜಂದಿರ ಮುಖ ಅರಳುತ್ತದೆ. ಅವನೇ ರಾಮಾಚಾರಿ! ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಸೇರಿಸಿ ಪುಟ್ಟಣ್ಣ ಕಣಗಾಲರು 1972ರಲ್ಲಿ ‘ನಾಗರಹಾವು’ ತೆಗೆದರು. ಚಿತ್ರದುರ್ಗದ ಕೋಟೆಯ ಕಲ್ಲುಬಂಡೆಗಳ ನಡುವೆ ವಿಷ್ಣುವರ್ಧನ್ ಅವರನ್ನು ನೋಡಿದ ನಮ್ಮ ಕಾಲದ ಹುಡುಗರೆಲ್ಲ ತಾವೂ ರಾಮಾಚಾರಿಗಳೇ ಎಂದುಕೊಂಡು ಓಡಾಡಿದ್ದುಂಟು.

ಮೊದಮೊದಲು ರಾಮಾಚಾರಿಯ ಸಿಟ್ಟಿಗೆ ನ್ಯಾಯವಿಲ್ಲ. ಪರೀಕ್ಷೆಯಲ್ಲಿ ಕಾಪಿ ಹೊಡೆಯಲು ಹೋಗಿ ಸಿಕ್ಕಿಬೀಳುತ್ತಾನೆ, ಶಿಕ್ಷೆಯಾಗುತ್ತದೆ. ಅದಕ್ಕೆ ರಾತ್ರಿ ಪ್ರಿನ್ಸಿಪಾಲರನ್ನು ಕಂಬಕ್ಕೆ ಕಟ್ಟಿ ಹಾಕುತ್ತಾನೆ. ಇಲ್ಲಿ ಅವನಿಗೆ ಅವಮಾನವಾಗಿದೆ ನಿಜ, ಆದರೆ ಅನ್ಯಾಯವಾಗಿಲ್ಲ. ಇವೆರಡೂ ಬೇರೆ ಬೇರೆ. ಮಾಡಿದ ತಪ್ಪಿಗೆ ಸಿಕ್ಕ ಶಿಕ್ಷೆಯೂ ಕಹಿಯಾಗಿಯೇ ಇರುತ್ತದೆ. ಕಹಿಯಾದದ್ದೆಲ್ಲ ಅನ್ಯಾಯವಲ್ಲ.

ಆಮೇಲೆ ಕಥೆ ತಿರುಗುತ್ತದೆ. ಊರಿಗೆಲ್ಲ ಪುಂಡನಾದವನು ಚಾಮಯ್ಯ ಮೇಷ್ಟ್ರಿಗೆ ಮಾತ್ರ ಮಗನಂತೆ. ಕೆ.ಎಸ್. ಅಶ್ವಥ್ ಅವರ ಆ ಮೇಷ್ಟ್ರನ್ನು ಮರೆಯುವುದುಂಟೇ? ಹುಡುಗನ ಸಿಟ್ಟಿನ ಕೆಳಗೆ ಒಂದು ಮೃದು ಮನಸ್ಸಿದೆ ಎಂದು ಕಂಡವರು ಅವರು. ಅವರು ಹೇಳಿದರೆಂದು ರಾಮಾಚಾರಿ ತಾನು ಮೆಚ್ಚಿದ ಅಲಮೇಲುವನ್ನು ಬಿಟ್ಟುಕೊಡುತ್ತಾನೆ, ಏಕೆಂದರೆ ಜಾತಿ ಬೇರೆ. ಅಲಮೇಲುವಿನ ಬಾಳು ಮುಂದೆ ಹಾಳಾಗುತ್ತದೆ. ಮಾರ್ಗರೆಟ್ಟಳ ವಿಷಯದಲ್ಲೂ ಮೇಷ್ಟ್ರು ಅದೇ ಮಾತು ಹೇಳಿದಾಗ ಸಿಟ್ಟು ಅಣೆಕಟ್ಟು ಒಡೆದಂತೆ ನುಗ್ಗುತ್ತದೆ. ಬೆಟ್ಟದ ಅಂಚಿನಲ್ಲಿ ಅದು ಹೋಗಿ ತಟ್ಟುವುದು ಮೇಷ್ಟ್ರಿಗೇ. ಕಥೆ ಮುಗಿಯುವ ಹೊತ್ತಿಗೆ ಗುರುವೂ ಇಲ್ಲ, ಶಿಷ್ಯನೂ ಇಲ್ಲ, ಮಾರ್ಗರೆಟ್ಟೂ ಇಲ್ಲ.

ಇಲ್ಲಿ ಲೆಕ್ಕ ಚೋಮನ ಕಥೆಯಷ್ಟು ಸಲೀಸಲ್ಲ. ಜಾತಿಯ ಕಟ್ಟಳೆಯನ್ನು ಮೇಷ್ಟ್ರು ಮಾಡಿದ್ದಲ್ಲ, ಅದು ಊರಿನದು. ಆದರೆ ಶಿಷ್ಯ ತಮ್ಮ ಮಾತು ಮೀರುವುದಿಲ್ಲ ಎಂದು ಗೊತ್ತಿದ್ದೂ ಆ ಕಟ್ಟಳೆಯನ್ನು ತಮ್ಮ ಬಾಯಿಂದ ಹೇಳಿದವರು ಅವರೇ. ಖರ್ಚಿನ ಒಂದು ಪಾಲು ಅವರ ಖಾತೆಗೂ ಸೇರಬೇಕು. ಆದರೆ ಪೂರ್ತಿ ಖರ್ಚನ್ನು ಅವರೊಬ್ಬರ ತಲೆಗೇ ಕಟ್ಟಿದ್ದು ದುರಂತ. ಅಜ್ಜ ಅಜ್ಜಿಯರೇ, ಈ ಮಾತು ನಮಗೂ ಅನ್ವಯಿಸುತ್ತದೆ. ಮಕ್ಕಳು ನಮ್ಮ ಮಾತು ಕೇಳುತ್ತಾರೆ ಎಂದಾದರೆ, ಆಡುವ ಮಾತು ನಮ್ಮದೋ ಊರಿನದೋ ಎಂದು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ನಾಲ್ಕನೆಯವನು ತಬರ. ಪೂರ್ಣಚಂದ್ರ ತೇಜಸ್ವಿಯವರ ‘ಅಬಚೂರಿನ ಪೋಸ್ಟಾಫೀಸು’ ಸಂಕಲನದಲ್ಲಿ ಇವನ ಕಥೆ ಇದೆ. ಗಿರೀಶ ಕಾಸರವಳ್ಳಿಯವರು ಅದನ್ನು ‘ತಬರನ ಕಥೆ’ ಎಂದು ಸಿನಿಮಾ ಮಾಡಿ ಸ್ವರ್ಣಕಮಲ ಪಡೆದರು. ತಬರನ ಪಾತ್ರ ಮಾಡಿದ ಚಾರುಹಾಸನ್ ಅವರಿಗೂ ರಾಷ್ಟ್ರಪ್ರಶಸ್ತಿ ಬಂತು. ಇವರು ನಟ ಕಮಲ ಹಾಸನ್ ಅವರ ಅಣ್ಣ.

ತಬರ ಸರ್ಕಾರದ ಸಣ್ಣ ನೌಕರ. ಸರ್ಕಾರದವನು ಎಂಬುದೇ ಅವನ ಹೆಮ್ಮೆ, ಅದೇ ಅವನ ಗುರುತು. ನಿವೃತ್ತನಾದ ಮೇಲೆ ಪಿಂಚಣಿ ಬರುವುದಿಲ್ಲ. ಹೆಂಡತಿ ಅಪ್ಪಿಗೆ ಕಾಲಿನ ಹುಣ್ಣು ಕೊಳೆಯುತ್ತ ಮೇಲೇರುತ್ತಿದೆ, ಚಿಕಿತ್ಸೆಗೆ ಹಣ ಬೇಕು. ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ. ಹಣ ಬರುವ ಮೊದಲೇ ಹೆಂಡತಿ ಹೋಗುತ್ತಾಳೆ. ತಬರ ಊರಿನ ನಡುವೆ ನಿಂತು ಕೂಗಾಡುತ್ತಾನೆ, ಜನ ಹುಚ್ಚ ಎನ್ನುತ್ತಾರೆ.

ಮೂರೂವರೆ ದಶಕ ಕೌಂಟರಿನ ಹಿಂದೆ ಕುಳಿತವನು ನಾನು. ತಿಂಗಳ ಮೊದಲ ವಾರ ಪಿಂಚಣಿಯ ಸಾಲು ಹೇಗಿರುತ್ತದೆ ಎಂದು ಬಲ್ಲೆ. ಎಲ್ಲೋ ಒಂದು ಕಚೇರಿಯಿಂದ ಕಾಗದ ಬಂದಿರುವುದಿಲ್ಲ, ಹಿರಿಯರೊಬ್ಬರು ನನ್ನ ಮೇಲೆ ರೇಗುತ್ತಿದ್ದರು. ಅವರಿಗೆ ಕಾಣಿಸುತ್ತಿದ್ದ ಮುಖ ನನ್ನದೊಂದೇ. ತಬರನ ಕಷ್ಟವೂ ಇದೇ. ಕರ್ಣನಿಗೆ ಅರ್ಜುನ ಸಿಕ್ಕಿದ, ರಾಮಾಚಾರಿಗೆ ಮೇಷ್ಟ್ರು ಸಿಕ್ಕರು. ತಬರನಿಗೆ ಅನ್ಯಾಯ ಮಾಡಿದ್ದು ಯಾರು? ಹೆಸರು ಹಿಡಿದು ತೋರಿಸಲು ಒಬ್ಬನೂ ಸಿಗುವುದಿಲ್ಲ. ಪ್ರತಿಯೊಬ್ಬರೂ ಸ್ವಲ್ಪ ತಡ ಮಾಡಿದರು, ಅಷ್ಟೇ. ಯಾವ ಖಾತೆಗೂ ಸೇರದ ಅವನ ಸಿಟ್ಟು ಗಾಳಿಗೆ ಕೂಗಾಯಿತು.

ಈ ನಾಲ್ಕು ಕಥೆಗಳಲ್ಲಿ ಇನ್ನೊಂದು ಗುಂಪಿನವರಿದ್ದಾರೆ. ಅವರಿಗೆ ಸಿಟ್ಟೇ ಬರುವುದಿಲ್ಲ, ಅದಕ್ಕೇ ಅವರು ನಮ್ಮ ಕಣ್ಣಿಗೆ ಬೀಳುವುದೂ ಇಲ್ಲ. ಚೋಮನ ಕಿರಿಯ ಮಗ ಹೊಳೆಯಲ್ಲಿ ಮುಳುಗುತ್ತಾನೆ. ದಡದಲ್ಲಿ ಜನ ಇದ್ದಾರೆ. ಆದರೆ ಮುಟ್ಟಬಾರದ ಜಾತಿಯ ಹುಡುಗ ಎಂಬ ಕಾರಣಕ್ಕೆ ಯಾರೂ ಅವನನ್ನು ಮೇಲಕ್ಕೆ ಎತ್ತುವುದಿಲ್ಲ. ಅವರು ಕೂಗಾಡಲಿಲ್ಲ, ಯಾರಿಗೂ ಹೊಡೆಯಲಿಲ್ಲ, ಶಾಂತವಾಗಿ ನಿಂತಿದ್ದರು. ಹಸ್ತಿನಾವತಿಯ ಸಭೆಯೂ ಶಾಂತವಾಗಿ ಕುಳಿತಿತ್ತು. ತಬರನ ಅರ್ಜಿ ನೋಡಿದವರೂ ನಾಳೆ ಬಾ ಎಂದು ಶಾಂತವಾಗಿಯೇ ಹೇಳಿರಬೇಕು. ಸಿಟ್ಟಿನವರನ್ನೆಲ್ಲ ಕೆಟ್ಟವರು, ಶಾಂತವಾಗಿದ್ದವರನ್ನೆಲ್ಲ ಒಳ್ಳೆಯವರು ಎಂದು ಬರೆದುಬಿಟ್ಟರೆ ಮೊತ್ತ ತಾಳೆಯಾಗಬಹುದು. ಹೆಸರು ಮಾತ್ರ ತಪ್ಪಾಗಿರುತ್ತದೆ.

ಮಕ್ಕಳೇ, ಮುಂದಿನ ಸಲ ಅಜ್ಜ ಅಜ್ಜಿಯ ಜೊತೆ ಕುಳಿತು ಸಿನಿಮಾ ನೋಡುವಾಗ ಸಿಟ್ಟಿನ ಪಾತ್ರವೊಂದು ಬಂದರೆ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ಇವನಿಗೆ ಸಿಗಬೇಕಾಗಿದ್ದದ್ದು ಏನು? ಅದನ್ನು ತಡೆದವರು ಯಾರು? ಸಿಟ್ಟು ಹೋಗಿ ಬಿದ್ದದ್ದು ಯಾರ ಮೇಲೆ? ಸುಮ್ಮನೆ ನಿಂತು ನೋಡಿದವರು ಯಾರು? ಉತ್ತರಗಳನ್ನು ಒಂದು ಹಾಳೆಯಲ್ಲಿ ಬರೆದು ಅಜ್ಜಿಯ ಉತ್ತರದ ಜೊತೆ ತಾಳೆ ನೋಡಿ. ಎರಡೂ ಒಂದೇ ಆಗಬೇಕೆಂದಿಲ್ಲ. ಆಗದಿದ್ದರೆ ಇನ್ನೂ ಒಳ್ಳೆಯದು, ಊಟದ ಹೊತ್ತಿನವರೆಗೂ ಮಾತಿಗೆ ವಿಷಯ ಸಿಕ್ಕಿತು.

ಹಿರಿಯರಿಗೂ ಒಂದು ಕೆಲಸ ಉಂಟು. ಶಾಲೆಯಿಂದ ಬಂದ ಮಗು ಚೀಲ ಎಸೆದು, ಕಾಫಿ ಕೊಟ್ಟ ನಿಮ್ಮ ಮೇಲೆಯೇ ರೇಗಿದರೆ ತಕ್ಷಣ ಗದರಬೇಡಿ. ಸ್ವಲ್ಪ ಹೊತ್ತು ಬಿಟ್ಟು, “ಪುಟ್ಟಾ, ಇದು ಯಾರ ಮೇಲಿನ ಸಿಟ್ಟು?” ಎಂದು ಕೇಳಿ. ಎಷ್ಟೋ ಸಲ ಅದು ನಿಮ್ಮ ಖಾತೆಯದಾಗಿರುವುದಿಲ್ಲ.