ಹೊಳೆಯ ಅಂಕಪಟ್ಟಿ ನಮಗೂ ತೋರಿಸಲಿ

ಬೇಸಿಗೆಯಲ್ಲಿ ಊರಿಗೆ ಫೋನ್ ಮಾಡಿದರೆ ಮಾತು ತುಂಬೆ ಡ್ಯಾಮಿಗೆ ಬಂದೇ ಬರುತ್ತದೆ. ನೀರು ಎಷ್ಟುಂಟು, ಬಣ್ಣ ಹೇಗುಂಟು ಎಂದು ಮಂಗಳೂರಿನವರಿಗೆ ಚಿಂತೆ. ಯಾಕೆಂದರೆ ಬಂಟ್ವಾಳ, ಬಿ.ಸಿ.ರೋಡ್ ದಾಟಿ ಬಂದ ನೇತ್ರಾವತಿಯನ್ನೇ ಅವರು ಕುಡಿಯಬೇಕು. ಮೇಲಿನವರು ಬಿಟ್ಟದ್ದು ಕೆಳಗಿನವರ ಲೋಟಕ್ಕೆ ಬರುತ್ತದೆ.

ಬೆಂಗಳೂರಿನ ಸಾರಕ್ಕಿಯಲ್ಲಿರುವ ನಮಗೆ ಆ ಚಿಂತೆಯಿಲ್ಲ. ನಮ್ಮ ನಳ್ಳಿಗೆ ಕಾವೇರಿ ಬರುವುದು ತೊರೆಕಾಡನಹಳ್ಳಿಯಿಂದ. ನಗರದ ಕೊಳಚೆ ಹೊತ್ತ ವೃಷಭಾವತಿ ಅರ್ಕಾವತಿಯನ್ನು ಸೇರಿ ಕಾವೇರಿಗೆ ಬೀಳುವುದು ಅದಕ್ಕಿಂತ ಕೆಳಗೆ, ಸಂಗಮದಲ್ಲಿ. ನಮ್ಮ ಕೊಳಚೆ ನಮ್ಮ ಲೋಟಕ್ಕೆ ತಿರುಗಿ ಬರುವುದಿಲ್ಲ. ಅದಕ್ಕೇ ನಾವು ಕೇಳುವುದೂ ಇಲ್ಲ.

ಆದರೆ ಈ ಹೊಳೆ ಬನಶಂಕರಿ ಕಡೆಯ ಚರಂಡಿ ನೀರನ್ನೂ ಹೊತ್ತು, ಕೆಂಗೇರಿ ದಾಟಿ, ಬಿಡದಿ ಹತ್ತಿರದ ಬೈರಮಂಗಲ ಜಲಾಶಯಕ್ಕೆ ಹೋಗುತ್ತದೆ. ಅಲ್ಲಿನ ರೈತರು ಹೊಲಕ್ಕೆ ಹಾಯಿಸಿದ್ದು ಇದೇ ನೀರನ್ನು. ಸಾರಕ್ಕಿ ಮಾರ್ಕೆಟಿನಲ್ಲಿ ನಿಂತು, ಈ ಸೊಪ್ಪು ಯಾವ ನೀರಿನಲ್ಲಿ ಬೆಳೆದದ್ದು ಎಂದು ಹೇಳಲಿಕ್ಕಾಗುತ್ತದಾ ಮಾರಾಯ್ರೆ? ಲೋಟಕ್ಕೆ ಬಾರದ್ದು ಬಟ್ಟಲಿಗೆ ಬರಬಹುದು.

ಪರೀಕ್ಷೆ ನಡೆಯುವುದೇ ಇಲ್ಲ ಎಂದಲ್ಲ. 1974ರ ಜಲ ಕಾಯ್ದೆಯ ಪ್ರಕಾರ ರಾಜ್ಯದಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿ ಉಂಟು. ಅದು ಹೊಳೆ, ಕೆರೆಗಳ ಮಾದರಿ ತೆಗೆದು ‘ಎ’ಯಿಂದ ‘ಇ’ ತನಕ ದರ್ಜೆ ಕೊಡುತ್ತದೆ. ‘ಎ’ ಅಂದರೆ ರೋಗಾಣು ಕೊಂದರೆ ಸಾಕು, ಕುಡಿಯಬಹುದು. ‘ಬಿ’ ಸ್ನಾನಕ್ಕೆ. ‘ಸಿ’ ಪೂರ್ತಿ ಶುದ್ಧೀಕರಿಸಿದ ಮೇಲೆ ಕುಡಿಯಲಿಕ್ಕೆ. ‘ಡಿ’ ಮೀನು, ಪ್ರಾಣಿಗಳಿಗೆ. ‘ಇ’ ನೀರಾವರಿಗೆ, ಕಾರ್ಖಾನೆಯ ತಂಪಿಗೆ. ಸ್ನಾನದ ನೀರಾದರೆ ಲೀಟರಿಗೆ 5 ಮಿಲಿಗ್ರಾಂ ಆಮ್ಲಜನಕ ಕರಗಿರಬೇಕು, ಮೀನು ಬದುಕಲು 4.

ಮದ್ರಸದಲ್ಲಿ ನಮಗೆ ನೀರಿನ ಬಣ್ಣ, ರುಚಿ, ವಾಸನೆ ನೋಡಲು ಕಲಿಸಿದ್ದರು. ಒಳ್ಳೆಯ ಮೊದಲ ಪಾಠ. ಆದರೆ ಕಾರ್ಖಾನೆಯಿಂದ ಬರುವ ಸೀಸ ಕಣ್ಣಿಗೂ ಕಾಣುವುದಿಲ್ಲ, ಮೂಗಿಗೂ ಸಿಗುವುದಿಲ್ಲ. ‘ಎ’ಯಿಂದ ‘ಇ’ವರೆಗಿನ ದರ್ಜೆಯ ಲೆಕ್ಕದಲ್ಲೂ ಅದು ಇಲ್ಲ. ಬೇರೆಯೇ ಪರೀಕ್ಷೆ ಬೇಕು. ಮಾದರಿ ತೆಗೆದ ಜಾಗ, ಹೊತ್ತು ಕೂಡ ಮುಖ್ಯ. ಹಗಲು ತುಂಬಿಸಿದ ಒಂದು ಬಾಟಲಿ, ರಾತ್ರಿ ಬಿಟ್ಟ ವಿಷದ ಸುದ್ದಿ ಹೇಳುವುದಿಲ್ಲ.

2015ರಲ್ಲಿ ನಮ್ಮ ಸಾರಕ್ಕಿ ಕೆರೆಯ ಒತ್ತುವರಿ ತೆರವು ಮಾಡಿದಾಗ ಕೆರೆಯ ಗಡಿ ಎಲ್ಲಿ ಎಂಬುದೇ ಎಲ್ಲರ ಬಾಯಲ್ಲಿ. ಕೆರೆಯ ನೀರು ಯಾವ ದರ್ಜೆಯದ್ದು ಎಂದು ಕೇಳಿದವರು ಕಡಿಮೆ. ಎಕರೆ ಲೆಕ್ಕ ಬೇಗ ಅರ್ಥವಾಗುತ್ತದೆ, ಮಿಲಿಗ್ರಾಂ ಲೆಕ್ಕ ಆಗುವುದಿಲ್ಲ. ಹಾಗಾಗಿಯೇ ಅದನ್ನು ಜನರ ಕಣ್ಣೆದುರು ಇಡಬೇಕು.

ಬೇಡಿಕೆ ದೊಡ್ಡದೇನಲ್ಲ. ಹೊಳೆಯ ಪ್ರತಿ ಸೇತುವೆ, ಪ್ರತಿ ಕೆರೆಯ ಗೇಟಿನಲ್ಲಿ ಕನ್ನಡದ ಒಂದು ಬೋರ್ಡು ಇರಲಿ. ಮಾದರಿ ತೆಗೆದ ದಿನ, ಗಂಟೆ, ಜಾಗ, ದರ್ಜೆ, ಲೋಹಗಳ ಪ್ರಮಾಣ ಅದರಲ್ಲಿರಲಿ. ದೊಡ್ಡ ಚರಂಡಿಗಳು ಹೊಳೆಗೆ ಸೇರುವ ಬಾಯಿಯಲ್ಲೂ ಪರೀಕ್ಷೆಯಾಗಲಿ. ಆಗ ಕೊಳಕು ಎಲ್ಲಿಂದ ಬಂತೆಂದು ತಿಳಿಯುತ್ತದೆ.

ಇದಕ್ಕೆ ನಮ್ಮ ಜಮಾಅತ್ ಕಮಿಟಿಗಳು ಬಡಾವಣೆಯ ಸಂಘಗಳ ಜೊತೆ ಸೇರಿ ಮಂಡಳಿಗೆ ಪತ್ರ ಬರೆಯಬಹುದು. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ ಸಾಕು. ಮಕ್ಕಳ ಅಂಕಪಟ್ಟಿ ಓದದೆ ನಾವು ಸಹಿ ಹಾಕುವುದಿಲ್ಲ. ಹೊಳೆಯ ಅಂಕಪಟ್ಟಿಯನ್ನೂ ಒಮ್ಮೆ ಕೇಳಿ ಓದೋಣ. ನಾವು ಕುಡಿಯದಿದ್ದರೂ ಕೆಳಗೆ ಅದರ ಜೊತೆ ಬದುಕುವವರಿದ್ದಾರೆ.