ಆಟದ ಬಯಲಿನ ಶಿಸ್ತು ಯಾರಿಗೆ?

ಮಳೆಗಾಲ ಹಿಂದಾಗಿ ನೆಲ ಗಟ್ಟಿಯಾಗುತ್ತಲೆ ನಮ್ಮ ಕಾಲೇಜುಗಳ ಬಯಲುಗಳಲ್ಲಿ ಸುಣ್ಣದ ಗೆರೆಗಳು ಮೂಡುತ್ತವೆ. ಓಟ, ಜಿಗಿತ, ಕಬಡ್ಡಿ, ಖೋಖೋ ಪಂದ್ಯಗಳ ದಿನಗಳು ಗೊತ್ತಾಗುತ್ತವೆ. ಸೂಚನೆಯ ಹಲಗೆಯ ಮೇಲೆ ಪ್ರಕಟಣೆ ಬೀಳುತ್ತದೆ. ಆ ಪ್ರಕಟಣೆಯ ಕೊನೆಗೆ ಒಂದು ವಾಕ್ಯವು ತಪ್ಪದೆ ಇರುತ್ತದೆ: ಆಟಗಾರರು ಶಿಸ್ತನ್ನು ಪಾಲಿಸತಕ್ಕದ್ದು, ತಪ್ಪಿದವರ ಮೇಲೆ ಕಠಿಣವಾದ ಕ್ರಮವನ್ನು ಕೈಕೊಳ್ಳಲಾಗುವದು.

ಈ ವಾಕ್ಯವನ್ನು ನಾವು ಅಲ್ಲಗಳೆಯುವದಿಲ್ಲ. ಶಿಸ್ತಿಲ್ಲದ ಆಟವು ಆಟವಲ್ಲ, ಜಗಳ. ಆದರೆ ಈ ವಾಕ್ಯದಲ್ಲಿ ದೊಡ್ಡದೊಂದು ಕೊರತೆಯುಂಟು. ಆಡುವವರಿಗೆ ಶಿಸ್ತು ಬೇಕೆಂದು ಅದು ಹೇಳುತ್ತದೆ. ಆಡಿಸುವವರಿಗೆ ಬೇಕೆಂದು ಹೇಳುವದಿಲ್ಲ. ಹತ್ತೊಂಬತ್ತು ವರುಷದ ಹುಡುಗನ ಮೇಲೆ ಬೀಳುವ ಕೋಲು, ಅವನನ್ನು ಬಯಲಿಗೆ ಕಳುಹಿಸಿದವರ ಬಳಿಗೆ ಬರುತ್ತಲೆ ಹೂಮಾಲೆಯಾಗಿ ಮಾರ್ಪಡುವದನ್ನು ನಾವು ಕಣ್ಣಾರೆ ಕಂಡಿದ್ದೇವೆ.

ಕೆಲವು ವರುಷಗಳ ಹಿಂದೆ ಒಬ್ಬ ತರುಣನು ತನ್ನ ತಂದೆಯೊಡನೆ ನಮ್ಮ ಕಚೇರಿಗೆ ಬಂದನು. ಅವನ ಕೈಯಲ್ಲಿ ಎರಡು ಸಾಲಿನ ಒಂದು ಕಾಗದವಿತ್ತು. ಅಂತರಕಾಲೇಜು ಪಂದ್ಯದಲ್ಲಿ ಬೇರೊಬ್ಬ ವಿದ್ಯಾರ್ಥಿಯ ಹೆಸರಿನಿಂದ ಓಡಿದ ಅಪರಾಧಕ್ಕಾಗಿ ಅವನ ಹೆಸರನ್ನು ಪಟ್ಟಿಯಿಂದ ತೆಗೆದು ಹಾಕಲಾಗಿದೆ ಎಂಬದೇ ಅದರ ಒಕ್ಕಣೆ. “ಓಡಿದ್ದು ಖರೆ ಏನಪ್ಪಾ?” ಎಂದು ಕೇಳಿದೆವು. “ಖರೇರಿ” ಎಂದನು. “ಯಾಕ ಓಡಿದಿ?” “ನಮ್ಮ ಸರ್ ಓಡು ಅಂದರ್ರಿ. ಹೆಸರು ಬರದವರೂ ಅವರೇರಿ. ಓಡದಿದ್ದರ ಮುಂದಿನ ವರ್ಷ ತಂಡದಾಗ ಜಾಗಾ ಇಲ್ಲ ಅಂದರು.” ತಂದೆಯು ಒಕ್ಕಲುತನ ಮಾಡುವವನು. ಮಗನ ಪರವಾಗಿ ಅವನು ಕಣ್ಣೀರಿಡಲಿಲ್ಲ, ಬೇಡಿಕೊಳ್ಳಲಿಲ್ಲ. ಒಂದೇ ಮಾತು ಕೇಳಿದನು: “ವಕೀಲ ಸಾಹೇಬರ, ಹುಡುಗ ತಪ್ಪು ಮಾಡ್ಯಾನ, ಶಿಕ್ಷಾ ಆಗಲಿ. ಹೆಸರು ಬರದವರಿಗೆ ಏನೂ ಇಲ್ಲೇನ್ರಿ?”

ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಅದೇ ವರುಷದ ಸ್ನೇಹಸಮ್ಮೇಳನದಲ್ಲಿ ಆ ಗುರುಗಳಿಗೆ ಶಾಲು ಹೊದಿಸಿ, ಕಾಲೇಜಿಗೆ ಢಾಲು ತಂದುಕೊಟ್ಟವರೆಂದು ಕೊಂಡಾಡಲಾಗಿತ್ತು.

ಹುಡುಗನು ನಿರ್ದೋಷಿಯೆಂದು ನಾವು ಹೇಳುವದಿಲ್ಲ. ಇನ್ನೊಬ್ಬನ ಹೆಸರಿನಿಂದ ಓಡುವದು ಮೋಸ. ಅವನು ಗೆದ್ದಿದ್ದರೆ ನ್ಯಾಯವಾಗಿ ಓಡಿದ ಇನ್ನಾವನೋ ಒಬ್ಬ ಬಡವರ ಮಗನ ಪದಕವು ಹೋಗುತ್ತಿತ್ತು. ಆದರೆ ಶಿಕ್ಷೆ ಕೊಡುವವನು ಮೊದಲು ಮೂರು ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ನಿಯಮವು ಬರೆದದ್ದಿತ್ತೇ? ಅದನ್ನು ಆಟಗಾರನಿಗೆ ಮೊದಲೇ ತಿಳಿಸಲಾಗಿತ್ತೇ? ಶಿಕ್ಷೆಗೆ ಮುಂಚೆ ಅವನ ಮಾತನ್ನು ಕೇಳಲಾಯಿತೇ? ಇದು ವಕೀಲರ ಕೂದಲು ಸೀಳುವ ಜಾಣತನವಲ್ಲ. ಉತ್ತರ ಪ್ರದೇಶದ ಪರೀಕ್ಷಾ ಮಂಡಳಿಯು ಮೂವರು ವಿದ್ಯಾರ್ಥಿಗಳ ಮೇಲೆ ಪರೀಕ್ಷೆಯಲ್ಲಿ ಅಕ್ರಮ ಮಾಡಿದರೆಂಬ ದೋಷವನ್ನು ಹೊರಿಸಿ, ಅವರ ಅಹವಾಲನ್ನು ಕೇಳದೆ ಫಲಿತಾಂಶವನ್ನು ರದ್ದುಪಡಿಸಿದಾಗ, 1962ರಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು ಅದು ಸಲ್ಲದೆಂದು ತೀರ್ಪಿತ್ತಿತು. ಪರೀಕ್ಷೆಯ ಕೋಣೆಗೆ ಸಲ್ಲುವ ನ್ಯಾಯವು ಆಟದ ಬಯಲಿಗೂ ಸಲ್ಲಬೇಕು.

ಕಾಲೇಜಿನ ಆಟಗಳಿಗೆ ನಿಯಮಗಳು ಹುಟ್ಟಿದ ಬಗೆಯನ್ನು ನೋಡಿದರೆ, ಶಿಸ್ತು ಮೊದಲು ಯಾರಿಗೆ ಬೇಕಾಗಿತ್ತೆಂಬದು ಇನ್ನೂ ಸ್ಪಷ್ಟವಾಗುವದು. ಕಾಲೇಜಿನ ಆಟವನ್ನು ಒಂದು ದೊಡ್ಡ ವ್ಯವಹಾರವಾಗಿ ಬೆಳೆಯಿಸಿದ ದೇಶವೆಂದರೆ ಅಮೇರಿಕಾ. ಅಲ್ಲಿಯ ಫುಟ್‌ಬಾಲ್ ನಮ್ಮ ಕಾಲ್ಚೆಂಡಲ್ಲ. ಚೆಂಡನ್ನು ಕೈಯಲ್ಲಿ ಹಿಡಿದು, ಗುಂಪುಗಟ್ಟಿ, ಎದುರಾಳಿಯ ಮೇಲೆ ನುಗ್ಗುವ ಆಟ. 1905ನೆಯ ಇಸವಿಯಲ್ಲಿ ಆ ಆಟದಿಂದ 18 ಮಂದಿ ತರುಣರು ಸತ್ತರೆಂದು ಶಿಕಾಗೋ ನಗರದ ಪತ್ರಿಕೆಯೊಂದು ಲೆಕ್ಕ ಕೊಟ್ಟಿತು. ಶಾಲೆಯ ಹುಡುಗರೂ ಅವರಲ್ಲಿದ್ದರು. ಆ ವರುಷದ ಅಕ್ಟೋಬರದಲ್ಲಿ ಅಧ್ಯಕ್ಷ ಥಿಯೊಡೋರ್ ರೂಜ್ವೆಲ್ಟರು ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ವಿದ್ಯಾಪೀಠಗಳ ಪ್ರತಿನಿಧಿಗಳನ್ನು ತಮ್ಮ ಮನೆಗೆ ಕರೆಯಿಸಿದರು. ಅವರು ಕರೆದದ್ದು ಆಟಗಾರರನ್ನಲ್ಲ, ಆಟವನ್ನು ನಡೆಯಿಸುವವರನ್ನು ಎಂಬದನ್ನು ವಾಚಕರು ಲಕ್ಷಿಸಬೇಕು. ಮರುವರುಷ, 1906ರಲ್ಲಿ, ಅನೇಕ ಕಾಲೇಜುಗಳು ಕೂಡಿ ಒಂದು ಸಂಘವನ್ನು ಕಟ್ಟಿಕೊಂಡವು. 1910ರಿಂದ ಅದಕ್ಕೆ ರಾಷ್ಟ್ರೀಯ ಕಾಲೇಜು ಕ್ರೀಡಾ ಸಂಘವೆಂಬ ಅರ್ಥದ ಈಗಿನ ಹೆಸರು ಬಂದಿತು. ಚೆಂಡನ್ನು ಮುಂದಕ್ಕೆ ಎಸೆಯಲು ಅನುಮತಿ ಕೊಟ್ಟು, ಗುಂಪಿನ ನೂಕಾಟವನ್ನು ಕಡಿಮೆ ಮಾಡಿದ್ದೂ 1906ರಲ್ಲಿಯೇ. ಹುಡುಗರಿಗೆ “ಮೆಲ್ಲಗೆ ಆಡಿರಿ” ಎಂದು ಉಪದೇಶಿಸಿದ್ದರಿಂದ ಆ ಆಟವು ತಿದ್ದಲಿಲ್ಲ. ದೊಡ್ಡವರು ಆಟದ ಕಟ್ಟಳೆಯನ್ನೇ ತಿದ್ದಬೇಕಾಯಿತು.

ಅದೇ ಸಂಘವು ಎಂಬತ್ತು ವರುಷಗಳ ತರುವಾಯ ಕೊಟ್ಟ ಒಂದು ಶಿಕ್ಷೆಯು ನಮ್ಮ ಚಾಲಕರು ಓದಿಕೊಳ್ಳತಕ್ಕದ್ದಾಗಿದೆ. ಟೆಕ್ಸಸ್ ಪ್ರಾಂತದ ಸದರ್ನ್ ಮೆಥಡಿಸ್ಟ್ ವಿದ್ಯಾಪೀಠದಲ್ಲಿ ಫುಟ್‌ಬಾಲ್ ಆಟಗಾರರಿಗೆ ಗುಪ್ತವಾಗಿ ಹಣ ಸಲ್ಲುತ್ತಿತ್ತು. ಅದು ಆಗಿನ ನಿಯಮಕ್ಕೆ ವಿರುದ್ಧ. ಸಂಘವು 1987ರಲ್ಲಿ ಆ ವಿದ್ಯಾಪೀಠದ ಒಂದು ಇಡೀ ವರುಷದ ಫುಟ್‌ಬಾಲ್ ಆಟವನ್ನೇ ರದ್ದುಪಡಿಸಿತು. ಆದರೆ ಅಲ್ಲಿಯ ಆಟಗಾರರಿಗೆ ಬೇರೆ ಕಾಲೇಜಿಗೆ ಹೋಗಿ ಕೂಡಲೇ ಆಡಲು ಬಾಗಿಲು ತೆರೆದಿಟ್ಟಿತು. ಆ ಗುಪ್ತ ಹಣವನ್ನು ಮುಂದುವರಿಸಲು ಒಪ್ಪಿದವರಲ್ಲಿ, ವಿದ್ಯಾಪೀಠದ ಆಡಳಿತ ಮಂಡಳಿಯ ಅಧ್ಯಕ್ಷರಾಗಿದ್ದು ಆಮೇಲೆ ಪ್ರಾಂತದ ಗವರ್ನರ ಗಾದಿಯನ್ನೇರಿದ ಬಿಲ್ ಕ್ಲೆಮೆಂಟ್ಸರೂ ಒಬ್ಬರೆಂದು ಅವರೇ ಒಪ್ಪಿಕೊಂಡರು. ಇಂದು ಅಲ್ಲಿ ಆ ನಿಯಮವೇ ಬದಲಾಗಿದೆ: 2021ರಿಂದ ಆಟಗಾರರು ತಮ್ಮ ಹೆಸರಿನ ಬಲದಿಂದ ಬಹಿರಂಗವಾಗಿ ಗಳಿಸಬಹುದು, 2025ರಿಂದ ಕಾಲೇಜುಗಳೇ ಅವರಿಗೆ ನೇರವಾಗಿ ಹಣ ಕೊಡಬಹುದು. ಆದರೂ ಆ ಪ್ರಸಂಗದ ಪಾಠವು ಹಳೆಯದಾಗಿಲ್ಲ. ತಪ್ಪಿನ ಲಾಭವು ಸಂಸ್ಥೆಗೆ ಸಂದಿತು. ಆದುದರಿಂದ ದಂಡವೂ ಸಂಸ್ಥೆಗೇ ಸಂದಿತು.

ಇನ್ನು ನಮ್ಮ ಮನೆಯನ್ನು ನೋಡೋಣ. ನಮ್ಮ ವಿದ್ಯಾಪೀಠಗಳ ಸಂಘವು 1925ರಲ್ಲಿ ಅಂತರ ವಿಶ್ವವಿದ್ಯಾಲಯ ಮಂಡಳಿಯೆಂಬ ಹೆಸರಿನಿಂದ ಹುಟ್ಟಿ, 1973ರಲ್ಲಿ ಭಾರತೀಯ ವಿಶ್ವವಿದ್ಯಾಲಯಗಳ ಸಂಘವೆಂಬ ಹೆಸರನ್ನು ಪಡೆಯಿತು. ಅದು ನಡೆಯಿಸುವ ಪಂದ್ಯಗಳಲ್ಲಿ ಆಡುವವನು ನಿಜವಾದ ವಿದ್ಯಾರ್ಥಿಯಾಗಿರಬೇಕು, ಗೊತ್ತಾದ ವಯಸ್ಸಿನ ಮೇರೆಯನ್ನು ದಾಟಿರಬಾರದು. ಇವು ಒಳ್ಳೆಯ ನಿಯಮಗಳೇ. ಆದರೆ ಆಟದ ಒಂದು ಪ್ರಮಾಣಪತ್ರದಿಂದ ವೃತ್ತಿಶಿಕ್ಷಣದ ಕಾಲೇಜಿನಲ್ಲಿ ಮೀಸಲು ಸ್ಥಾನ ದೊರೆಯಬಹುದು, ರೈಲ್ವೆಯಲ್ಲಿ ನೌಕರಿ ದೊರೆಯಬಹುದು. ಹೊಲ ಒಣಗಿದ ಮನೆಯ ಹುಡುಗನಿಗೆ ಆ ಕಾಗದವು ಅನ್ನದ ದಾರಿ. ಅಂಥವನನ್ನು ಅಡ್ಡದಾರಿಗೆ ಎಳೆಯುವದು ಬಹು ಸುಲಭ. ಎಳೆದವರು ತಪ್ಪಿಸಿಕೊಳ್ಳುವದು ಅದಕ್ಕಿಂತಲೂ ಸುಲಭ.

ಮದ್ದಿನ ವಿಷಯದಲ್ಲಿ ಇದು ಇನ್ನೂ ಭಯಂಕರವಾಗಿದೆ. 2023ರ ಸೆಪ್ಟೆಂಬರದಲ್ಲಿ ದಿಲ್ಲಿ ರಾಜ್ಯದ ಓಟದ ಪಂದ್ಯಗಳು ನಡೆದಾಗ, ಉದ್ದೀಪನ ಮದ್ದಿನ ಪರೀಕ್ಷಕರು ಬಂದರೆಂಬ ಸುದ್ದಿ ಹರಡಿತು. ಅಂದು ಗಂಡಸರ 100 ಮೀಟರ್ ಓಟದ ಕೊನೆಯ ಸುತ್ತಿನಲ್ಲಿ ಓಡಲು ನಿಂತವನು ಒಬ್ಬನೇ ಒಬ್ಬನು ಎಂದು ಪತ್ರಿಕೆಗಳೆಲ್ಲ ಬರೆದವು. ಇದು ಕಾಲೇಜಿನ ಪಂದ್ಯವಲ್ಲ, ನಿಜ. ಆದರೆ ಇಂಥ ಪಂದ್ಯಗಳಿಗೆ ಬರುವ ಬಹಳ ಮಂದಿ ಕಾಲೇಜಿನ ವಯಸ್ಸಿನವರೇ. ಮದ್ದಿನ ಕಾನೂನು ಕಟ್ಟುನಿಟ್ಟಿನದು. ಜಗತ್ತಿನ ನಿಯಮಾವಳಿಯ ಮೇರೆಗೆ, ತನ್ನ ಮೈಯಲ್ಲಿ ಸಿಕ್ಕ ಮದ್ದಿಗೆ ಆಟಗಾರನೇ ಹೊಣೆ. ಬೇಕೆಂದೇ ಸೇವಿಸಿದ್ದರೆ ನಾಲ್ಕು ವರುಷದ ಬಹಿಷ್ಕಾರವೂ ಆಗಬಹುದು. ಪರೀಕ್ಷಕನಿಂದ ತಪ್ಪಿಸಿಕೊಂಡು ಓಡಿದರೆ ಅದೂ ಅಪರಾಧವೇ. 2022ರಲ್ಲಿ ನಮ್ಮ ಲೋಕಸಭೆ ರಾಜ್ಯಸಭೆಗಳೂ ಇದಕ್ಕೆ ಕಾಯಿದೆಯ ಬಲವನ್ನು ಕೊಟ್ಟವು. ಮದ್ದು ಕೊಟ್ಟ ತರಬೇತುದಾರನಿಗೂ ವೈದ್ಯನಿಗೂ ಶಿಕ್ಷೆಯುಂಟೆಂದು ಅದೇ ನಿಯಮಾವಳಿಯು ಹೇಳುತ್ತದೆ. ಆದರೆ ನಮ್ಮ ಕಿವಿಗೆ ಬೀಳುವ ಹೆಸರುಗಳು ಎಷ್ಟುಮಟ್ಟಿಗೂ ಆಟಗಾರರವೇ. ಹಳ್ಳಿಯಿಂದ ಬಂದ ಹುಡುಗಿಯೊಬ್ಬಳು ತಾನಾಗಿ ಸೂಜಿಮದ್ದಿನ ಶಾಸ್ತ್ರವನ್ನು ಕಲಿತಳೆಂದು ನಂಬುವಷ್ಟು ಮುಗ್ಧರು ನಾವಲ್ಲ.

ಶಿಸ್ತೆಂಬದು ಕನ್ನಡಿಗರಿಗೆ ಹೊಸತೇನೂ ಅಲ್ಲ. ನಮ್ಮ ಗರಡಿಮನೆಗಳಲ್ಲಿ ವಸ್ತಾದನು ದಂಡೆಯ ಮೇಲೆ ನಿಂತು ಅಪ್ಪಣೆ ಕೊಡುತ್ತಿರಲಿಲ್ಲ. ತಾನೇ ಮಣ್ಣಿಗೆ ಇಳಿದು, ಮೈಗೆ ಮಣ್ಣು ಹತ್ತಿಸಿಕೊಂಡು ಪಟ್ಟುಗಳನ್ನು ಕಲಿಸುತ್ತಿದ್ದನು. 1923ರಲ್ಲಿ ಡಾಕ್ಟರ್ ನಾ. ಸು. ಹರ್ಡೀಕರರು ಸೇವಾದಳವನ್ನು ಕಟ್ಟಿ ತರುಣರಿಗೆ ಕವಾಯತು ಕಲಿಸಿದಾಗ, ನಾಯಕನಿಗೂ ಸ್ವಯಂಸೇವಕನಿಗೂ ಒಂದೇ ಸಾಲಿನಲ್ಲಿ ಹೆಜ್ಜೆ ಹಾಕುವದೇ ಶಿಸ್ತಾಗಿತ್ತು. ಮೇಲಿನವನು ತನಗೆ ಹೇಳಿಕೊಳ್ಳುವದನ್ನೇ ಕೆಳಗಿನವನಿಗೂ ಹೇಳಿದರೆ ಅದು ಶಿಸ್ತು. ಕೆಳಗಿನವನಿಗೆ ಮಾತ್ರ ಹೇಳಿದರೆ ಅದು ದರ್ಪ.

ನಿಯಮಗಳ ಮಾತನ್ನು ಇಷ್ಟು ಆಡಿದ ಮೇಲೆ, ನಿಯಮವೇ ಸರ್ವಸ್ವವಲ್ಲವೆಂಬದನ್ನೂ ಹೇಳಬೇಕಾಗಿದೆ. ನಿಯಮವು ನೆಲಗಟ್ಟು, ಕ್ರೀಡಾಧರ್ಮವು ಅದರ ಮೇಲೆ ಏಳುವ ಗೋಡೆ. 2008ರ ಏಪ್ರಿಲ್ 26ರಂದು ಅಮೇರಿಕಾದ ವೆಸ್ಟರ್ನ್ ಆರೆಗಾನ್ ಮತ್ತು ಸೆಂಟ್ರಲ್ ವಾಶಿಂಗ್ಟನ್ ವಿದ್ಯಾಪೀಠಗಳ ಹೆಣ್ಣುಮಕ್ಕಳ ಸಾಫ್ಟ್‌ಬಾಲ್ ಪಂದ್ಯ ನಡೆದಿತ್ತು. ಆರೆಗಾನಿನ ಹುಡುಗಿಯೊಬ್ಬಳು ತನ್ನ ಬಾಳಿನಲ್ಲಿ ಮೊದಲ ಸಲ ಚೆಂಡನ್ನು ಬೇಲಿಯಾಚೆ ಹೊಡೆದಳು. ಓಟವು ಲೆಕ್ಕಕ್ಕೆ ಬರಬೇಕಾದರೆ ನಾಲ್ಕೂ ಗುರಿಗಳನ್ನು ಮುಟ್ಟಿ ಬರಬೇಕು. ಮೊದಲ ಗುರಿಯ ಬಳಿಯಲ್ಲಿಯೇ ಅವಳ ಮೊಣಕಾಲು ಮುರುಕಿ ಕುಸಿದಳು. ಅವಳ ತಂಡದವರು ಎತ್ತಿದರೆ ಅವಳು ಔಟು ಎಂದರು ಪಂಚರು. ಆಗ ಎದುರಾಳಿ ತಂಡದ ಇಬ್ಬರು ಹುಡುಗಿಯರು ಮುಂದೆ ಬಂದು, ನಾವು ಎತ್ತಬಹುದೇ ಎಂದು ಕೇಳಿ, ಅವಳನ್ನು ತೋಳುಗಳ ಮೇಲೆ ಹೊತ್ತು, ಒಂದೊಂದು ಗುರಿಗೂ ಅವಳ ಕಾಲನ್ನು ತಾಗಿಸುತ್ತ ಸುತ್ತು ಮುಗಿಸಿದರು. ಹೊತ್ತವರ ತಂಡವು ಆ ಪಂದ್ಯವನ್ನು 4–2ರಿಂದ ಸೋತಿತು. ಹಾಗೆ ಹೊರಬೇಕೆಂದು ಯಾವ ನಿಯಮದಲ್ಲಿಯೂ ಬರೆದಿರಲಿಲ್ಲ.

ಇಂಥದು ನಮ್ಮ ನಾಡಿನವರಿಂದಲೂ ಆಗಿದೆ. 1980ರ ಫೆಬ್ರುವರಿಯಲ್ಲಿ ಮುಂಬಯಿಯಲ್ಲಿ ನಡೆದ ಸುವರ್ಣ ಮಹೋತ್ಸವದ ಟೆಸ್ಟ್ ಪಂದ್ಯದಲ್ಲಿ, ನಮ್ಮ ಭದ್ರಾವತಿಯ ಜಿ. ಆರ್. ವಿಶ್ವನಾಥರು ಭಾರತದ ನಾಯಕರು. ಇಂಗ್ಲೆಂಡದ ಬಾಬ್ ಟೇಲರರನ್ನು ಪಂಚರು ಔಟೆಂದರು. ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ಮನಗಂಡ ವಿಶ್ವನಾಥರು ಅವರನ್ನು ಮರಳಿ ಆಟಕ್ಕೆ ಕರೆದರು. ಟೇಲರರು ಬಾಥಮರೊಡನೆ 171 ಓಟಗಳ ಜೊತೆಯಾಟವನ್ನು ಕಟ್ಟಿದರು. ಭಾರತವು ಹತ್ತು ವಿಕೆಟ್ಟುಗಳಿಂದ ಸೋತಿತು. ಆ ಸೋಲಿಗಾಗಿ ಇಂದು ಯಾವ ಕನ್ನಡಿಗನೂ ತಲೆ ತಗ್ಗಿಸುವದಿಲ್ಲ. ಇಲ್ಲಿ ಗಮನಿಸಬೇಕಾದದ್ದು ಒಂದು: ಧರ್ಮವನ್ನು ತೋರಿದವರು ಸಾಮಾನ್ಯ ಆಟಗಾರರಲ್ಲ, ನಾಯಕರು. ಮುಂದಾಳು ತಾನು ನಷ್ಟಪಡಲು ಸಿದ್ಧನಾದರೆ ಹಿಂದಿನವರಿಗೆ ಉಪದೇಶದ ಅವಶ್ಯಕತೆಯೇ ಉಳಿಯುವದಿಲ್ಲ.

ಆದುದರಿಂದ ನಮ್ಮ ಕಾಲೇಜುಗಳ ಚಾಲಕರಲ್ಲಿ ನಾವು ಈ ಕೆಲವು ಮಾತುಗಳನ್ನು ಒತ್ತಿ ಹೇಳುತ್ತೇವೆ. ಆಟದ ನಿಯಮಗಳನ್ನು ಕನ್ನಡದಲ್ಲಿ ಅಚ್ಚುಹಾಕಿಸಿ, ಪಂದ್ಯಗಳಿಗೆ ಮುಂಚೆಯೇ ಪ್ರತಿಯೊಬ್ಬ ಆಟಗಾರನ ಕೈಗೆ ಕೊಡಬೇಕು. ಅರ್ಥವಾಗದ ಭಾಷೆಯಲ್ಲಿರುವ ನಿಯಮದಿಂದ ಶಿಕ್ಷಿಸುವದು ಹೊಂಚು ಹಾಕಿ ಹೊಡೆದಂತೆ. ತಪ್ಪಿತಸ್ಥನೆಂದು ಹೇಳಲಾದವನ ಮಾತನ್ನು ಕೇಳಿಯೇ ತೀರ್ಮಾನಿಸಬೇಕು. ತೀರ್ಮಾನದ ಕಾರಣಗಳನ್ನು ಬರೆದು ಕೊಡಬೇಕು. ಬಯಲಿನ ತಪ್ಪಿಗೆ ಬಯಲಿನ ಶಿಕ್ಷೆ ಸಾಕು: ಒಂದು ಪಂದ್ಯದಿಂದಲೋ ಒಂದು ವರುಷದ ಆಟದಿಂದಲೋ ಹೊರಗಿಡಬಹುದು; ಅವನ ವಿದ್ಯೆಯ ಬಾಗಿಲನ್ನು ಮುಚ್ಚಬಾರದು. ಆಟಗಾರರ ಪಟ್ಟಿಗೆ ಸಹಿ ಹಾಕಿದ ಗುರುವೂ ಪ್ರಿನ್ಸಿಪಾಲರೂ ಆ ಪಟ್ಟಿಯ ಸತ್ಯಕ್ಕೆ ಹೊಣೆಗಾರರೆಂದು ನಿಯಮದ ಮೊದಲನೆಯ ಸಾಲಿನಲ್ಲಿಯೇ ಬರೆಯಬೇಕು. ಸುಳ್ಳು ಹೆಸರು ಬರೆದ ಕಾಲೇಜು ಗೆದ್ದ ಢಾಲನ್ನು ಮರಳಿಸಿ, ಮುಂದಿನ ವರುಷ ಹೊರಗೆ ಕುಳಿತುಕೊಳ್ಳಬೇಕು.

ವಿದ್ಯಾರ್ಥಿ ತರುಣರಿಗೂ ಒಂದು ಮಾತು. ಹಿರಿಯರು ತಪ್ಪಿದರೆಂಬದು ನೀವು ತಪ್ಪಲು ಪರವಾನಿಗೆಯಲ್ಲ. ಬೇರೊಬ್ಬನ ಹೆಸರಿನಿಂದ ಓಡೆಂದು ಗುರುವೇ ಹೇಳಿದರೂ, “ಆಗುವದಿಲ್ಲರೀ” ಎಂದು ವಿನಯದಿಂದ ಹೇಳುವ ಧೈರ್ಯ ನಿಮ್ಮಲ್ಲಿರಬೇಕು. ತನ್ನನ್ನು ತಾನು ಆಳಿಕೊಳ್ಳಬಲ್ಲವನೇ ನಿಜವಾದ ಆಟಗಾರ. ಮತ್ತು ಬಯಲಿನ ಸುತ್ತಲೂ ನಿಂತು, ಪಂಚನಿಗೆ ಬೈಗಳ ಮಳೆಗರೆದು, ಎದುರಾಳಿ ಬಿದ್ದರೆ ಚಪ್ಪಾಳೆ ತಟ್ಟುವ ನಾವು ನೋಡುಗರೂ ಈ ಲೆಕ್ಕದಿಂದ ಹೊರತಾದವರಲ್ಲ.

ನಮ್ಮ ಕಚೇರಿಗೆ ಬಂದಿದ್ದ ಆ ಹುಡುಗನನ್ನು, ಕಾಗದಪತ್ರಗಳ ಓಡಾಟವೆಲ್ಲ ಮುಗಿದ ಮೇಲೆ, ಕಾಲೇಜಿನವರು ಮರಳಿ ಸೇರಿಸಿಕೊಂಡರು. ಅವನು ಓದು ಮುಗಿಸಿದನು. ಆದರೆ ಮತ್ತೆಂದೂ ಬಯಲಿಗೆ ಇಳಿಯಲಿಲ್ಲ. ಅವನಂತೆ ಓಡಬಲ್ಲವರು ನಮ್ಮ ಜಿಲ್ಲೆಯಲ್ಲಿ ಬಹಳ ಮಂದಿ ಇರಲಿಲ್ಲ. ಈ ವರುಷವೂ ಸುಣ್ಣದ ಗೆರೆಗಳು ಮೂಡುತ್ತವೆ, ಪ್ರಕಟಣೆಯು ಹಲಗೆಗೆ ಏರುತ್ತದೆ. ಅದರ ಕೊನೆಯ ವಾಕ್ಯಕ್ಕೆ ಸಹಿ ಹಾಕುವ ಮುಂಚೆ ಪ್ರತಿಯೊಬ್ಬ ಪ್ರಿನ್ಸಿಪಾಲರೂ ಆ ಒಕ್ಕಲಿನ ತಂದೆ ಕೇಳಿದ ಪ್ರಶ್ನೆಯನ್ನು ತಮಗೆ ತಾವೇ ಒಮ್ಮೆ ಕೇಳಿಕೊಳ್ಳಲಿ: ಹೆಸರು ಬರೆದವರಿಗೆ ಏನೂ ಇಲ್ಲವೇ?